ಪಾನುಂಗಲ್‌ನಿಂದ ‘ಹಂಗಲ್’ವರೆಗೆ: ಅಡ್ಡಹೆಸರಾದ ಊರಹೆಸರುಗಳು

ವಿದೇಶದ ವಿಶ್ವವಿದ್ಯಾಲಯವೊಂದರ ಹಾಜರಿಯಲ್ಲಿ ನನ್ನ ಅಡ್ಡಹೆಸರು ‘ಸ್ಯಾವನರ್’ ಆಗಿತ್ತು. ಕೆಲವು ತಿಂಗಳು ತಿದ್ದಿದೆ. ಬಳಿಕ ಅದಕ್ಕೇ ಓಗೊಟ್ಟೆ. ದೋಷ ಅವರ ಕಿವಿಯದೆಂದೇ ಭಾವಿಸಿದ್ದೆ. ಆದರೆ ಅವರು ಹೆಸರನ್ನು ಕೇಳಿರಲಿಲ್ಲ, ಓದಿದ್ದರು. ಸವಣೂರಿನ ಮೂರ್ಧನ್ಯ ಣಕಾರ, ದೀರ್ಘ ಊಕಾರ, ಪದಾಂತ್ಯದ ಉಕಾರ ಮೂರೂ ರೋಮನ್ ಲಿಪಿಯಲ್ಲಿ ಮೊದಲೇ ಅಳಿದಿದ್ದವು.

ನೆರೆಯ ಊರುಗಳ ಪಾಡೂ ಇದೇ. ಶಿಗ್ಗಾಂವಿ ತನ್ನ ಇಕಾರವನ್ನು ಕಳೆದುಕೊಂಡು ಮರಾಠಿ ‘ಗಾಂವ್’ಗಳ ಸಾಲಿಗೆ ಸೇರಿತು. ಹಿರೇಕೆರೂರಿನ ‘ಹಿರೇ’ ಇಂಗ್ಲಿಷ್ ಓದುಗನಿಗೆ ‘ಹೈರ್’.

ಹಾನಗಲ್ಲಿನದು ಹೆಚ್ಚು ಬೋಧಪ್ರದ. ಶಾಸನಗಳ ‘ಪಾನುಂಗಲ್’ ಹಕಾರಾದಿಯಾದುದು ‘ಪಾಲು’ ‘ಹಾಲು’ ಆದ ನಿಯಮದಿಂದಲೇ. ಅದು ಆಡುವವರ ಬಾಯಲ್ಲಿ ನಡೆದ ಧ್ವನಿಪರಿವರ್ತನೆ. ‘ಹಂಗಲ್’ ಎಂಬ ಉಚ್ಚಾರಣೆಯಾದರೋ ಬರಹದಿಂದ ಹುಟ್ಟಿದ್ದು. 1884ರ ಮುಂಬೈ ಗ್ಯಾಝೆಟಿಯರಿನ ಧಾರವಾಡ ಸಂಪುಟ ದೀರ್ಘ ಆಕಾರವನ್ನು ಅಕ್ಷರದ ಮೇಲೊಂದು ಗೆರೆಯೆಳೆದು ತೋರಿಸುತ್ತಿತ್ತು. ಇಂದಿನ ರೈಲು ಟಿಕೆಟ್ಟು, ಪಾಸ್‌ಪೋರ್ಟುಗಳಲ್ಲಿ ಆ ಗೆರೆಯೂ ಇಲ್ಲ. ನಡುವಿನ ‘ನ’ದ ಅಕಾರ ಬರಹದಲ್ಲಿ ಬಿದ್ದುಹೋದುದಕ್ಕೆ ಮರಾಠಿ ಬಲ್ಲ ಕಚೇರಿಗಳ ರೂಢಿ ಕಾರಣವಿರಬಹುದೆಂದು ನನ್ನ ಊಹೆ. ನಮ್ಮ ಕಡೆಯ ವೇಗದ ಮಾತಿನಲ್ಲೂ ಆ ಸ್ವರ ತೇಲುತ್ತದೆಂಬುದನ್ನು ಒಪ್ಪಲೇಬೇಕು. ಆದರೆ ಮೊದಲ ಆಕಾರದ ದೀರ್ಘ ಎಂದೂ ಕುಗ್ಗುವುದಿಲ್ಲ.

ಪರಿಣಾಮ ವಿಚಿತ್ರ. ಗಂಗೂಬಾಯಿ ಹಾನಗಲ್ (1913–2009) ಅವರ ಅಡ್ಡಹೆಸರು ಈ ಊರಿನದು. ಚಲನಚಿತ್ರ ನಟ ಎ. ಕೆ. ಹಂಗಲ್ ಅವರದು ಕಾಶ್ಮೀರಿ ಪಂಡಿತ ಮನೆತನದ್ದು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ರೋಮನ್ ಬರಹದಲ್ಲಿ ಮಾತ್ರ ಎರಡೂ ಅವೇ ಆರು ಅಕ್ಷರ. ಹಿಂದಿ ನಿರೂಪಕರ ಬಾಯಲ್ಲಿ ಇಬ್ಬರೂ ‘ಹಂಗಲ್’ ಆಗುವುದನ್ನು ಕೇಳಿದ್ದೇನೆ. ಅಡ್ಡಹೆಸರು ಅಪಭ್ರಂಶವಾಗಲು ಕಡಲು ದಾಟಬೇಕಾಗಿಲ್ಲ.