ಬಡ್ತಿ ಎಂಬ ಬೀಗ

2016ರ ಜುಲೈನಲ್ಲಿ ಅಮೆರಿಕದ ನಿರೂಪಕಿ ಗ್ರೆಚೆನ್ ಕಾರ್ಲ್‌ಸನ್ ಲೈಂಗಿಕ ಕಿರುಕುಳದ ಮೊಕದ್ದಮೆ ಹೂಡಿದರು. ಅದೇ ತಿಂಗಳು ಫಾಕ್ಸ್ ನ್ಯೂಸ್ ಮುಖ್ಯಸ್ಥ ರೋಜರ್ ಏಲ್ಸ್ ರಾಜೀನಾಮೆ ಕೊಟ್ಟರು. 2017ರ ನವೆಂಬರ್‌ನಲ್ಲಿ ಎನ್‌ಬಿಸಿ ತನ್ನ ಬೆಳಗಿನ ಕಾರ್ಯಕ್ರಮದ ನಿರೂಪಕ ಮ್ಯಾಟ್ ಲಾವರ್ ಅವರನ್ನು ವಜಾ ಮಾಡಿತು. 2019ರಲ್ಲಿ ಆಪಲ್ ಟಿವಿ ಪ್ಲಸ್‌ನಲ್ಲಿ ಶುರುವಾದ ‘ದಿ ಮಾರ್ನಿಂಗ್ ಶೋ’ ಧಾರಾವಾಹಿಯ ಹಿನ್ನೆಲೆ ಇದು.

ನಿರೂಪಕ ಮಿಚ್ ಕೆಸ್ಲರ್‌ನ ಪತನದಿಂದ ಕಥೆ ತೊಡಗುತ್ತದೆ. ಆದರೆ ಅದರ ತಿರುಳಿರುವುದು ಕಾರ್ಯಕ್ರಮಕ್ಕೆ ಅತಿಥಿಗಳನ್ನು ಗೊತ್ತುಮಾಡುವ ಹ್ಯಾನಾ ಎಂಬ ಯುವತಿಯಲ್ಲಿ. ಮಿಚ್ ತನ್ನ ಮೇಲೆ ಎಸಗಿದ್ದನ್ನು ಹೇಳಲು ಆಕೆ ವಾಹಿನಿಯ ಮುಖ್ಯಸ್ಥ ಫ್ರೆಡ್‌ನ ಬಳಿ ಹೋಗುತ್ತಾಳೆ. ಆತ ಗದರುವುದಿಲ್ಲ, ಬಡ್ತಿ ಕೊಡುತ್ತಾನೆ.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ನಿಲ್ಲಬೇಕು. ಇಂಥ ಕಚೇರಿಯ ಕಡತದಲ್ಲಿ ದೂರು ಉಳಿಯುವುದಿಲ್ಲ, ಬಡ್ತಿಯ ಆದೇಶ ಉಳಿಯುತ್ತದೆ. ನಾಳೆ ಅದನ್ನು ತೆರೆದವರಿಗೆ ಕಾಣುವುದು ಪ್ರತಿಭೆಗೆ ಸಂದ ಮನ್ನಣೆ. ಬಾಯಿ ಬಿಡಬಾರದೆಂಬ ಷರತ್ತಿನ ರಾಜಿ ಒಪ್ಪಂದಗಳು ಮಾಡುವುದೂ ಇದನ್ನೇ. ದೂರಿಲ್ಲ ಎಂದರೆ ಅನ್ಯಾಯ ನಡೆದಿಲ್ಲ ಎಂದಲ್ಲ. ದೂರು ಯಾರ ಮೇಜಿನವರೆಗೆ ಹೋಗಿ ನಿಂತಿತು ಎಂದು ಕೇಳಬೇಕು.

ಮೊದಲ ಸರಣಿ ಮುಗಿಯುವಷ್ಟರಲ್ಲಿ ಹ್ಯಾನಾ ಬದುಕಿರುವುದಿಲ್ಲ. ಆಮೇಲಷ್ಟೇ ಸಹೋದ್ಯೋಗಿಗಳು ನೇರಪ್ರಸಾರದಲ್ಲಿ ಸತ್ಯ ಹೇಳುತ್ತಾರೆ.