ಹಳೆಯ ಡಿಜಿಟಲ್ ಕ್ಯಾಮೆರಾ: ಹುಟ್ಟಿದ ವರ್ಷವೇ ಅದರ ಜಾತಕ

ಅಜ್ಜನ ಕಾಲದ ಫಿಲ್ಮ್ ಕ್ಯಾಮೆರಾವನ್ನು ಅನೇಕ ಮನೆಗಳಲ್ಲಿ ಇಂದಿಗೂ ಜೋಪಾನವಾಗಿ ಇಟ್ಟಿರುತ್ತಾರೆ. ಅದರ ನಂತರ ಬಂದ ಡಿಜಿಟಲ್ ಕ್ಯಾಮೆರಾಕ್ಕೆ ಆ ಭಾಗ್ಯವಿಲ್ಲ. ಮೊಬೈಲ್ ಫೋನು ಕೈಗೆ ಬಂದ ಮೇಲೆ ಅದು ಬೀರುವಿನ ಮೂಲೆ ಸೇರಿತು. ಚಾರ್ಜರ್ ಎಲ್ಲಿದೆ ಎಂಬುದೂ ಮರೆತುಹೋಯಿತು. ಕಡೆಗೊಂದು ದಿನ ‘ಅದು ಕೆಟ್ಟಿದೆ’ ಎಂಬ ಒಂದೇ ಮಾತಿನೊಂದಿಗೆ ಗುಜರಿಯವನ ಚೀಲಕ್ಕೆ ಬೀಳುತ್ತದೆ.

ಅದು ನಿಜವಾಗಿ ಕೆಟ್ಟಿದೆಯೇ? ಮಾರಿದರೆ ಏನಾದರೂ ಬಂದೀತೇ? ಯಾರಿಗಾದರೂ ಕೊಟ್ಟರೆ ಉಪಯೋಗವಾದೀತೇ? ಈ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಆ ಯಂತ್ರದ ಚರಿತ್ರೆಯಲ್ಲಿದೆ. ಸುಮಾರು ಐವತ್ತು ವರ್ಷಗಳಲ್ಲಿ ಡಿಜಿಟಲ್ ಕ್ಯಾಮೆರಾ ಹಲವು ತಲೆಮಾರುಗಳನ್ನು ಕಂಡಿದೆ. ಒಂದೊಂದು ತಲೆಮಾರಿಗೂ ಅದರದೇ ಕಾಯಿಲೆ, ಅದರದೇ ಬೆಲೆ.

ಕ್ಯಾಸೆಟ್ಟಿನಲ್ಲಿ ಹುಟ್ಟಿದ ಚಿತ್ರ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಸಿಸಿಡಿ ಎಂಬ ಸಾಧನವನ್ನು ರೂಪಿಸಿದರು. ಮೇಲೆ ಬಿದ್ದ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸಿಕೊಡುವ ಈ ಸಿಲಿಕಾನ್ ಬಿಲ್ಲೆಯೇ ಮುಂದೆ ಫಿಲ್ಮಿನ ಸ್ಥಾನಕ್ಕೆ ಬಂದಿತು. 2009ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

1975ರ ಡಿಸೆಂಬರಿನಲ್ಲಿ ಕೊಡಕ್ ಸಂಸ್ಥೆಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಇಂಥ ಸಿಸಿಡಿಯನ್ನು ಬಳಸಿ ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾ ಒಂದನ್ನು ಜೋಡಿಸಿದರು. ಅದರ ತೂಕ ಸುಮಾರು ಮೂರೂವರೆ ಕಿಲೋ. ಚಿತ್ರದಲ್ಲಿದ್ದುದು ಕೇವಲ 10 ಸಾವಿರ ಬಿಂದುಗಳು, ಅದೂ ಕಪ್ಪು ಬಿಳುಪಿನಲ್ಲಿ. ಹಾಡು ಕೇಳುವ ಕ್ಯಾಸೆಟ್ಟಿನಂಥದೇ ಟೇಪಿನ ಮೇಲೆ ಒಂದು ಚಿತ್ರ ಅಚ್ಚಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಫಿಲ್ಮ್ ಮಾರಾಟವೇ ಜೀವಾಳವಾಗಿದ್ದ ಕೊಡಕ್, ಈ ದಾರಿಯಲ್ಲಿ ಮುನ್ನಡೆಯಲು ಅವಸರ ಮಾಡಲಿಲ್ಲ.

1991ರಲ್ಲಿ ಅದೇ ಕೊಡಕ್ ಪತ್ರಿಕಾ ಛಾಯಾಗ್ರಾಹಕರಿಗಾಗಿ ನಿಕಾನ್ ಎಫ್3 ಕ್ಯಾಮೆರಾಕ್ಕೆ ಸಿಸಿಡಿ ಜೋಡಿಸಿ ಡಿಸಿಎಸ್ ಎಂಬ ಹೆಸರಿನಲ್ಲಿ ಮಾರಿತು. ಚಿತ್ರಗಳನ್ನು ಉಳಿಸುವ ಪೆಟ್ಟಿಗೆಯನ್ನು ಹೆಗಲಿಗೆ ಬೇರೆಯಾಗಿ ನೇತುಹಾಕಿಕೊಳ್ಳಬೇಕಿತ್ತು. ಬೆಲೆ ಸುಮಾರು 20 ಸಾವಿರ ಡಾಲರ್. ಸಾಮಾನ್ಯರ ಕೈಗೆ ಕ್ಯಾಮೆರಾ ಬಂದದ್ದು ಅದರ ನಂತರ. 1994ರಲ್ಲಿ ಆಪಲ್ ಸಂಸ್ಥೆಯ ಕ್ವಿಕ್‌ಟೇಕ್ 100, 1995ರಲ್ಲಿ ಜಪಾನಿನ ಕ್ಯಾಸಿಯೋ ಕ್ಯೂವಿ–10 ಮಾರುಕಟ್ಟೆಗೆ ಬಂದವು. ತೆಗೆದ ಚಿತ್ರವನ್ನು ಹಿಂಬದಿಯ ಪುಟ್ಟ ಪರದೆಯ ಮೇಲೆ ಆಗಲೇ ನೋಡುವ ಸೌಲಭ್ಯವನ್ನು ಜನಸಾಮಾನ್ಯರಿಗೆ ಪರಿಚಯಿಸಿದ್ದು ಕ್ಯೂವಿ–10. ರೋಲು ಮುಗಿಯುವವರೆಗೆ ಕಾದು, ಸ್ಟುಡಿಯೋದಲ್ಲಿ ತೊಳೆಸಿ, ಪ್ರಿಂಟು ಹಾಕಿಸುವ ಕಾಲ ಮುಗಿಯಲಿದೆ ಎಂಬುದಕ್ಕೆ ಆ ಪರದೆಯೇ ಮುನ್ಸೂಚನೆಯಾಗಿತ್ತು.

ಕೆಟ್ಟದ್ದು ಕ್ಯಾಮೆರಾವಲ್ಲ

ಆ ಮೊದಲ ಕಾಲದ ಕ್ಯಾಮೆರಾಗಳಲ್ಲಿ ಅನೇಕವು ಎಎ ಅಳತೆಯ ಸಣ್ಣ ಶೆಲ್ಲುಗಳಿಂದ ನಡೆಯುತ್ತಿದ್ದವು. ಅವು ಎಳೆಯುವ ವಿದ್ಯುತ್ತು ಗಡಿಯಾರ, ರೇಡಿಯೋಗಳಿಗಿಂತ ಬಹಳ ಹೆಚ್ಚು. ಅಂಗಡಿಯ ಸಾಧಾರಣ ಶೆಲ್ಲು ಹಾಕಿದರೆ ಕ್ಯಾಮೆರಾ ಒಮ್ಮೆ ಕಣ್ಣು ಬಿಟ್ಟು ಹಾಗೆಯೇ ಮುಚ್ಚಿಕೊಳ್ಳುತ್ತದೆ. ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು, ಪೂರ್ತಿ ಚಾರ್ಜ್ ಮಾಡಿದ ನಿಕ್ಕಲ್ ಮೆಟಲ್ ಹೈಡ್ರೈಡ್ ಶೆಲ್ಲುಗಳನ್ನು ಹಾಕಿ ನೋಡಬೇಕು. ಹಳೆಯ ಶೆಲ್ಲು ಸೋರಿ ಒಳಗಿನ ತಗಡಿನ ಮೇಲೆ ಬಿಳಿ ಅಥವಾ ಹಸಿರು ಕಿಲುಬು ಕಟ್ಟಿದ್ದರೆ ಅದನ್ನು ಒರೆಸಿ ತೆಗೆದರೆ ಸಾಕು, ಎಷ್ಟೋ ಕ್ಯಾಮೆರಾಗಳು ಮತ್ತೆ ಜೀವ ತಳೆಯುತ್ತವೆ.

ಎರಡನೆಯ ಗೊಂದಲ ನೆನಪಿನ ಕಾರ್ಡುಗಳದು. 1990ರ ದಶಕದಲ್ಲಿ ಒಬ್ಬೊಬ್ಬ ತಯಾರಕನೂ ತನ್ನದೇ ದಾರಿ ಹಿಡಿದ. 1994ರಲ್ಲಿ ಕಾಂಪ್ಯಾಕ್ಟ್‌ಫ್ಲಾಶ್, 1995ರಲ್ಲಿ ಸ್ಮಾರ್ಟ್‌ಮೀಡಿಯಾ, 1998ರಲ್ಲಿ ಸೋನಿಯ ಮೆಮೊರಿ ಸ್ಟಿಕ್, 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿ ಸೇರಿ ತಂದ ಎಕ್ಸ್‌ಡಿ ಕಾರ್ಡು ಬಂದವು. 1997ರಲ್ಲಂತೂ ಸೋನಿ, ಕಂಪ್ಯೂಟರಿನ ಫ್ಲಾಪಿಯನ್ನೇ ಒಳಗೆ ತುರುಕುವ ಮಾವಿಕಾ ಕ್ಯಾಮೆರಾ ಹೊರತಂದಿತು. ಈ ಪೈಪೋಟಿಯಲ್ಲಿ ಕೊನೆಗೆ ಮೇಲುಗೈ ಪಡೆದದ್ದು 1999ರಲ್ಲಿ ಪ್ರಕಟವಾದ ಎಸ್‌ಡಿ ಕಾರ್ಡು. ಸೋತ ಕಾರ್ಡುಗಳ ಕ್ಯಾಮೆರಾಗಳು ಕೆಡದಿದ್ದರೂ ಅನಾಥವಾದವು.

ಗೆದ್ದ ಕಾರ್ಡಿನಲ್ಲೂ ಒಂದು ತೊಡಕಿದೆ. ಮೊದಲ ಎಸ್‌ಡಿ ಕಾರ್ಡುಗಳ ಮಿತಿ 2 ಜಿಬಿ. ಅದಕ್ಕಿಂತ ದೊಡ್ಡ ಎಸ್‌ಡಿಎಚ್‌ಸಿ ಕಾರ್ಡುಗಳ ನಿಯಮ ರೂಪುಗೊಂಡದ್ದು 2006ರಲ್ಲಿ. ಆದ್ದರಿಂದ 2004ರ ಕ್ಯಾಮೆರಾಕ್ಕೆ ಇಂದಿನ 32 ಜಿಬಿ ಕಾರ್ಡು ಹಾಕಿದರೆ, ಅದು ‘ಕಾರ್ಡಿನಲ್ಲಿ ದೋಷವಿದೆ’ ಎಂದು ದೂರುತ್ತದೆ. ನೋಡಿದವರು ಕ್ಯಾಮೆರಾವೇ ಹಾಳಾಗಿದೆ ಎಂದುಕೊಳ್ಳುತ್ತಾರೆ. 2 ಜಿಬಿ ಅಥವಾ ಇನ್ನೂ ಚಿಕ್ಕ ಹಳೆಯ ಕಾರ್ಡು ಹಾಕಿ ಪರೀಕ್ಷಿಸಿದರೆ ನಿಜ ಗೊತ್ತಾಗುತ್ತದೆ. ಪ್ರತಿ ಸಲ ದಿನಾಂಕ ಕೇಳುವುದೂ ದೊಡ್ಡ ರೋಗವಲ್ಲ. ಗಡಿಯಾರವನ್ನು ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಬರಿದಾಗಿದೆ ಎಂದಷ್ಟೇ ಅದರ ಅರ್ಥ.

2005ರ ಕಾಯಿಲೆ

ನಿಜವಾದ ರೋಗಗಳೂ ಇವೆ. ಅವುಗಳಲ್ಲಿ ಹೆಸರಾದದ್ದು 2005ರಲ್ಲಿ ಬಯಲಾಯಿತು. ಅದಕ್ಕೆ ಕೆಲವು ವರ್ಷಗಳ ಹಿಂದೆ ಸೋನಿ ತಯಾರಿಸಿದ್ದ ಕೆಲವು ಸಿಸಿಡಿಗಳಲ್ಲಿ, ಬಿಸಿಲು ಮತ್ತು ತೇವ ಹೆಚ್ಚಿದ್ದ ಕಡೆ, ಒಳಗಿನ ಕೂದಲೆಳೆಯಂಥ ತಂತಿಗಳ ಬೆಸುಗೆ ಬಿಡತೊಡಗಿತು. ಇದೇ ಬಿಲ್ಲೆಯನ್ನು ಬೇರೆ ಸಂಸ್ಥೆಗಳೂ ಕೊಂಡು ಬಳಸಿದ್ದರಿಂದ ಕ್ಯಾನನ್, ನಿಕಾನ್, ಫ್ಯೂಜಿ, ಕೋನಿಕಾ ಮಿನೋಲ್ಟಾಗಳೂ ತಮ್ಮ ಕೆಲವು ಮಾದರಿಗಳಿಗೆ ಉಚಿತ ದುರಸ್ತಿ ಘೋಷಿಸಬೇಕಾಯಿತು. ಇದನ್ನು ಗುರುತಿಸುವುದು ಸುಲಭ. ಹಿಂದೆ ತೆಗೆದ ಚಿತ್ರಗಳು ಪರದೆಯ ಮೇಲೆ ಸರಿಯಾಗಿ ಕಾಣುತ್ತವೆ, ಆದರೆ ಎದುರಿನ ದೃಶ್ಯ ಮಾತ್ರ ಕಪ್ಪಾಗಿ, ಇಲ್ಲವೇ ನೇರಳೆ ಬಣ್ಣದ ಗೀಟುಗಳಾಗಿ ಬರುತ್ತದೆ. ಉಚಿತ ದುರಸ್ತಿಯ ಕಾಲ ಮುಗಿದುಹೋಗಿದೆ. ಅಂಥ ಕ್ಯಾಮೆರಾವನ್ನು ಬಿಡಿಭಾಗಗಳ ಲೆಕ್ಕದಲ್ಲಿ ಮಾತ್ರ ಕೊಡಬಹುದು.

ನಮ್ಮ ಕರಾವಳಿ ಮತ್ತು ಮಲೆನಾಡಿನ ಮಳೆಗಾಲ ಇನ್ನೊಂದು ಕಾಯಿಲೆ ತರುತ್ತದೆ, ಅದು ಲೆನ್ಸಿನ ಬೂಷ್ಟು. ಲೆನ್ಸಿಗೆ ಟಾರ್ಚು ಬಿಟ್ಟು ಓರೆಯಾಗಿ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಬೂಷ್ಟು ಹಿಡಿದ ಲೆನ್ಸಿನ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಚಿಕ್ಕ ಕ್ಯಾಮೆರಾಗಳಲ್ಲಿ ಮರಳಿನ ಕಣ ಸಿಕ್ಕಿ, ಮುಂದೆ ಚಾಚಿದ ಲೆನ್ಸು ಹಿಂದಕ್ಕೆ ಹೋಗದಿರುವುದೂ ಸಾಮಾನ್ಯ. ಅದನ್ನು ಬಲವಾಗಿ ಒತ್ತಬಾರದು. ಮನೆಯಲ್ಲಿ ತಿರುಪು ಬಿಚ್ಚುವ ಸಾಹಸವಂತೂ ಬೇಡವೇ ಬೇಡ. ಬ್ಯಾಟರಿ ತೆಗೆದ ಮೇಲೂ ಫ್ಲಾಶಿನ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಉಬ್ಬಿದ ಲೀಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದೂ ಅಪಾಯ.

ಬೆಲೆ ಬಿದ್ದದ್ದು, ಎದ್ದದ್ದು

2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಬಂದು, ಲೆನ್ಸು ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾವನ್ನು ಹವ್ಯಾಸಿಗಳ ಕೈಗೆ ತಲುಪಿಸಿತು. 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋದವು. ಅದೇ ಶಿಖರ. ಮೊಬೈಲ್ ಫೋನಿನ ಹೊಡೆತಕ್ಕೆ 2023ರ ಹೊತ್ತಿಗೆ ಆ ಸಂಖ್ಯೆ 80 ಲಕ್ಷಕ್ಕಿಂತ ಕೆಳಗಿಳಿದಿತ್ತು. ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ ಕೊಡಕ್, 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಈ ಏರಿಳಿತದಿಂದಾಗಿ ಹಳೆಯ ಕ್ಯಾಮೆರಾಗಳ ಬೆಲೆಯಲ್ಲಿ ಮೂರು ದರ್ಜೆಗಳಾಗಿವೆ. ಚರಿತ್ರೆಯಲ್ಲಿ ಹೆಸರು ಪಡೆದ ಡಿಸಿಎಸ್, ಕ್ವಿಕ್‌ಟೇಕ್, ಕ್ಯೂವಿ–10ರಂಥವನ್ನು ಸಂಗ್ರಾಹಕರು ಹುಡುಕುತ್ತಾರೆ. ಪೆಟ್ಟಿಗೆ, ಕೈಪಿಡಿ, ಕೇಬಲ್ ಜೊತೆಗಿದ್ದರೆ ಅವುಗಳ ಮೌಲ್ಯ ಹೆಚ್ಚು. ಎರಡನೆಯದು ಲೆನ್ಸು ಬದಲಿಸುವ ಕ್ಯಾಮೆರಾ. ಇಲ್ಲಿ ಕ್ಯಾಮೆರಾಕ್ಕಿಂತ ಲೆನ್ಸು ಬಾಳುವ ಆಸ್ತಿ. ನಿಕಾನ್ ತನ್ನ ಎಫ್ ಜೋಡಣೆಯನ್ನು 1959ರಲ್ಲೂ, ಕ್ಯಾನನ್ ಇಎಫ್ ಜೋಡಣೆಯನ್ನು 1987ರಲ್ಲೂ ತಂದು ದಶಕಗಳ ಕಾಲ ಉಳಿಸಿಕೊಂಡವು. ಹೀಗಾಗಿ ಎರಡನ್ನೂ ಒಟ್ಟಿಗೆ ಮಾರದೆ ಬೇರೆ ಬೇರೆಯಾಗಿ ಬೆಲೆ ವಿಚಾರಿಸುವುದು ಲಾಭಕರ. ಕ್ಯಾಮೆರಾ ಎಷ್ಟು ಸಾವಿರ ಚಿತ್ರ ತೆಗೆದಿದೆ ಎಂಬ ಲೆಕ್ಕ, ಹಳೆಯ ಸ್ಕೂಟರು ಕೊಳ್ಳುವವರು ನೋಡುವ ಕಿಲೋಮೀಟರಿನ ಹಾಗೆ ಮುಖ್ಯ.

ಮೂರನೆಯದು ಜೇಬಿನಲ್ಲಿ ಹಿಡಿಯುವ ಚಿಕ್ಕ ಕ್ಯಾಮೆರಾ. ಹಲವು ವರ್ಷ ಇದಕ್ಕೆ ಗುಜರಿ ಬೆಲೆಯೂ ಇರಲಿಲ್ಲ. 2020ರ ದಶಕದ ಆರಂಭದಿಂದ, 2000ದ ದಶಕದ ಸಿಸಿಡಿ ಚಿತ್ರಗಳ ಬಣ್ಣಕ್ಕೆ ಮನಸೋತ ಯುವಜನರು ಹಲವು ದೇಶಗಳಲ್ಲಿ ಇವನ್ನು ಮತ್ತೆ ಕೊಳ್ಳತೊಡಗಿದರು. ಹಾಗೆಂದು ಎಲ್ಲ ಮಾದರಿಗೂ ಬೇಡಿಕೆ ಇಲ್ಲ. ಮಾರುವವರು ಕೇಳುವ ಬೆಲೆಯನ್ನು ನಂಬದೆ, ಅದೇ ಮಾದರಿ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಎಂಬುದನ್ನು ನೋಡಬೇಕು.

ಕೈದಾಟಿಸುವ ಮುನ್ನ

ಕ್ಯಾಮೆರಾದ ಬೆಲೆ ಎಷ್ಟೇ ಇರಲಿ, ಒಳಗಿರುವ ಚಿತ್ರಗಳಿಗೆ ಬೆಲೆ ಕಟ್ಟುವಂತಿಲ್ಲ. ಫಿಲ್ಮಿನ ಕಾಲದಲ್ಲಿ ಕ್ಯಾಮೆರಾ ಮಾರಿದರೂ ಆಲ್ಬಮ್ ಮನೆಯಲ್ಲೇ ಉಳಿಯುತ್ತಿತ್ತು. ಡಿಜಿಟಲ್ ಕಾಲದಲ್ಲಿ ಎಷ್ಟೋ ಮದುವೆ, ನಾಮಕರಣ, ಇಂದು ಇಲ್ಲವಾದ ಹಿರಿಯರ ಮುಖ ಪ್ರಿಂಟು ಕಾಣದೆ ಕಾರ್ಡಿನಲ್ಲೇ ಉಳಿದುಬಿಟ್ಟಿವೆ. ಆದ್ದರಿಂದ ಮೊದಲು ಕಾರ್ಡಿನ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಬಳಿಕ ಕಾರ್ಡು ತೆಗೆದು ಮತ್ತೊಮ್ಮೆ ಕ್ಯಾಮೆರಾ ಚಾಲೂ ಮಾಡಬೇಕು. ಹಲವು ಮಾದರಿಗಳಲ್ಲಿ ಒಳಗೇ ಸ್ವಲ್ಪ ನೆನಪಿನ ಜಾಗವಿದ್ದು, ಕಾರ್ಡು ಹಾಕದೆ ತೆಗೆದ ನಾಲ್ಕಾರು ಚಿತ್ರಗಳು ಅಲ್ಲಿ ಉಳಿದಿರಬಹುದು.

ಚಿತ್ರಗಳನ್ನು ಅಳಿಸಿದರೆ ಅವು ಪೂರ್ತಿ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಕಾರ್ಡಿನ ಪಟ್ಟಿಯಿಂದ ಹೆಸರು ಹೋಗುತ್ತದೆ, ಚಿತ್ರ ಹಾಗೆಯೇ ಇರುತ್ತದೆ. ತಿಳಿದವರು ಅದನ್ನು ಹೊರತೆಗೆಯಬಲ್ಲರು. ಮನೆಯ ಚಿತ್ರಗಳಿದ್ದ ಕಾರ್ಡನ್ನು ಕೊಡದೆ ಇಟ್ಟುಕೊಳ್ಳುವುದೇ ಕ್ಷೇಮ. ಕೊಡಲೇಬೇಕಿದ್ದರೆ, ಅಳಿಸಿದ ಮೇಲೆ ಗೋಡೆಯನ್ನೋ ಆಕಾಶವನ್ನೋ ತೆಗೆದು ಕಾರ್ಡು ತುಂಬಿಸಿ, ಮತ್ತೆ ಅಳಿಸಬೇಕು.

ದಾನ ಮಾಡುವಾಗಲೂ ಕೆಲಸ ಮಾಡುವ ಬ್ಯಾಟರಿ, ಚಾರ್ಜರ್, ಹೊಂದುವ ಕಾರ್ಡು ಜೊತೆಗಿರಬೇಕು. ಅವಿಲ್ಲದ ಕ್ಯಾಮೆರಾ ಪಡೆದವರಿಗೆ ಹೊರೆಯೇ ಸರಿ. ಅವಿದ್ದರೆ, ಛಾಯಾಗ್ರಹಣ ಕಲಿಯಬೇಕೆಂಬ ಶಾಲಾ ಮಕ್ಕಳಿಗೆ ಇಪ್ಪತ್ತು ವರ್ಷದ ಹಳೆಯ ಕ್ಯಾಮೆರಾವೂ ಒಳ್ಳೆಯ ಗುರುವಾದೀತು. ನಿಜಕ್ಕೂ ಸತ್ತುಹೋದ ಯಂತ್ರವನ್ನು ಕಸದ ತೊಟ್ಟಿಗೆ ಎಸೆಯದೆ, ಇ–ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ತಲುಪಿಸಬೇಕು.