ತಾರಸಿ ತೋಟದ ಗೊಬ್ಬರಕ್ಕೂ ಒಂದು ಚರಿತ್ರೆ ಇದೆ



ಬೆಂಗಳೂರಿನ ತಾರಸಿ ತೋಟಗಳ ಫೋಟೊಗಳು ಈಗ ಎಲ್ಲರ ಫೇಸ್‌ಬುಕ್ ಗೋಡೆ ಮೇಲೂ ಇವೆ. ಗ್ರೋ ಬ್ಯಾಗಲ್ಲಿ ಬದನೆ, ಬಕೆಟ್ಟಲ್ಲಿ ಟೊಮೆಟೊ, ಬಾಲ್ಕನಿ ಕಂಬಿಗೆ ಹಬ್ಬಿದ ಬಸಳೆ. ಅಡುಗೆಮನೆ ಸಿಪ್ಪೆಯನ್ನ ನಮ್ಮ ಕೈಯಾರೆ ಗೊಬ್ಬರ ಮಾಡಿದ್ವಿ ಅಂತ ಹೆಮ್ಮೆಯಿಂದ ಬರೀತಾರೆ. ಒಳ್ಳೇದೇ. ವಿಷ ಹೊಡೆಯದ ಸೊಪ್ಪು ತಿನ್ನೋದನ್ನ ಯಾರು ಬೇಡ ಅಂತಾರೆ? ಆದ್ರೆ ಅದರ ಕೆಳಗೆ ಯಾರಾದರೂ "ಮಣ್ಣಿಗೆ ಜಾತಿ ಇಲ್ಲ" ಅಂತ ಕಾಮೆಂಟ್ ಹಾಕಿದಾಗ ಸುಮ್ಮನಿರೋಕೆ ಆಗಲ್ಲ. ಮಣ್ಣಿಗೆ ಇಲ್ಲದೇ ಇರಬಹುದು. ಈ ಊರಿನ ಗೊಬ್ಬರಕ್ಕೆ ಇತ್ತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಆ ಭಯದಿಂದ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಗಾಳಿ ಬೆಳಕು ಬರಲಿ ಅಂತ ಅಗಲ ರಸ್ತೆ, ದೊಡ್ಡ ನಿವೇಶನ, ಮನೆ ಹಿಂದೆ ಹಿತ್ತಲು. ಹಿತ್ತಲಲ್ಲಿ ತೆಂಗು, ನುಗ್ಗೆ, ಕರಿಬೇವು, ಬಾಳೆ. ಹಳೇ ಬೆಂಗಳೂರನ್ನ ನೆನೆದು ಬರೆಯೋರು ಆ ಹಿತ್ತಲನ್ನ ಮರೆಯೋದೇ ಇಲ್ಲ. ಹಿತ್ತಲಿನ ಬಾಗಿಲು ಯಾವ ಕಡೆ ತೆರೀತಿತ್ತು ಅನ್ನೋದನ್ನ ಮಾತ್ರ ಬರೆಯಲ್ಲ. ಅದು ತೆರೀತಿದ್ದದ್ದು ಕನ್ಸರ್ವೆನ್ಸಿ ಗಲ್ಲಿಗೆ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಸಣ್ಣ ಓಣಿ. ನಮ್ಮವರು ಮುಂದಿನ ರಸ್ತೆಯಲ್ಲಿ ಕಾಣಿಸದೆ, ಹಿಂದಿನಿಂದ ಬಂದು, ಕಕ್ಕಸಿನ ಬಕೆಟ್ ತುಂಬಿಕೊಂಡು, ಹಿಂದಿನಿಂದಲೇ ಹೋಗಲಿ ಅಂತ ಮಾಡಿದ ದಾರಿ ಅದು. ಹಳ್ಳಿಯಲ್ಲಿ ಕೇರಿ ಊರ ಹೊರಗಿತ್ತು. ನಗರ ಯೋಜನೆ ಅಂತ ಬಂದಾಗ ಮನೆ ಮನೆಯ ಬೆನ್ನಿಗೂ ಒಂದೊಂದು ಕೇರಿಯ ದಾರಿ ಎಳೆದರು. (ಈಗ ಮಲ್ಲೇಶ್ವರದ ಕೆಲವು ಕನ್ಸರ್ವೆನ್ಸಿ ಗಲ್ಲಿಗಳಿಗೆ ಬಣ್ಣ ಬಳಿದು ಗೋಡೆ ಚಿತ್ರ ಬರೆಸಿದ್ದಾರೆ. ಹೋಗಿ ನೋಡಿ, ಚೆನ್ನಾಗಿದೆ.)

ಹಾಗೆ ಹೊತ್ತದ್ದು ಎಲ್ಲಿಗೆ ಹೋಯ್ತು? ಇಲ್ಲೇ ನಮ್ಮ ಕಥೆ ಇರೋದು.

1939ರಲ್ಲಿ ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಸಿ.ಎನ್. ಆಚಾರ್ಯ ಅನ್ನೋ ವಿಜ್ಞಾನಿ ಒಂದು ಗೊಬ್ಬರದ ವಿಧಾನ ರೂಪಿಸಿದರು. ಕೃಷಿ ಓದಿದ ಹುಡುಗರನ್ನ ಕೇಳಿ, "ಬೆಂಗಳೂರು ವಿಧಾನ" ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿರ್ತಾರೆ. ಗುಂಡಿ ತೋಡಬೇಕು. ಊರಿನ ಕಸ ಒಂದು ಪದರ, ಅದರ ಮೇಲೆ ಮಲ ಒಂದು ತೆಳು ಪದರ, ಮತ್ತೆ ಕಸ, ಮತ್ತೆ ಮಲ. ತುಂಬಿದ ಮೇಲೆ ಮಣ್ಣು ಮುಚ್ಚಿ ಆರೆಂಟು ತಿಂಗಳು ಬಿಡಬೇಕು. ಅದಕ್ಕೂ ಮುಂಚೆ ಆಲ್ಬರ್ಟ್ ಹೋವಾರ್ಡ್ ಮಾಡಿದ್ದ ಇಂದೋರ್ ವಿಧಾನದಲ್ಲಿ ರಾಶಿಯನ್ನ ಆಗಾಗ ಮಗುಚಬೇಕಿತ್ತು. ಇದರಲ್ಲಿ ಮಗುಚೋ ಕೆಲಸ ಇಲ್ಲ, ಕೂಲಿ ಉಳಿಯುತ್ತೆ. ಬೇರೆ ಊರಿನ ಪುರಸಭೆಗಳೂ ಇದನ್ನ ಹಿಡಿದವು.

ವಿಜ್ಞಾನ ಸರಿಯಾಗೇ ಇತ್ತು, ಅದರಲ್ಲಿ ನನಗೆ ತಕರಾರಿಲ್ಲ. ಹೊಲದಿಂದ ಬಂದದ್ದು ಹೊಲಕ್ಕೆ ಹೋಗಬೇಕು. ಆದರೆ ಗುಂಡಿಯ ಉದ್ದ ಅಗಲ ಆಳ ಎಲ್ಲ ಹೇಳುವ ಪಾಠದಲ್ಲಿ ಆ ಎರಡನೇ ಪದರ ಗುಂಡಿಯ ತನಕ ಹೇಗೆ ಬಂತು ಅಂತ ಒಂದು ಸಾಲೂ ಇರಲ್ಲ. ತಾನಾಗೇ ನಡ್ಕೊಂಡು ಬಂತಾ? ವಿಧಾನಕ್ಕೆ ಊರಿನ ಹೆಸರಿದೆ, ವಿಜ್ಞಾನಿಯ ಹೆಸರಿದೆ. ಕೂಲಿ ಉಳಿಯಿತು ಅಂದರಲ್ಲ, ಮಗುಚುವ ಕೂಲಿ ಅದು. ಹೊರುವ ಕೂಲಿಯ ಲೆಕ್ಕ ಯಾವ ಪುಟದಲ್ಲಿದೆ?

ಬಿ. ಬಸವಲಿಂಗಪ್ಪ ಅಂದ್ರೆ ಎಲ್ಲರಿಗೂ 1973ರ ಬೂಸಾ ಗಲಾಟೆ ನೆನಪಾಗುತ್ತೆ. ದೇವರಾಜ ಅರಸು ಸರ್ಕಾರದ ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನ ರಾಜ್ಯದಲ್ಲಿ ನಿಷೇಧಿಸಿದ್ದು ಇದೇ ಬಸವಲಿಂಗಪ್ಪನವರು. ನನ್ನ ಕೇಳಿದರೆ ಬೆಂಗಳೂರಿನ ಗೊಬ್ಬರದ ಚರಿತ್ರೆಯಲ್ಲಿ 1939ಕ್ಕಿಂತ ದೊಡ್ಡ ಘಟನೆ ಅದು. ದೇಶಕ್ಕೆ ಕಾನೂನು ಬರೋಕೆ 1993ರ ತನಕ ಕಾಯಬೇಕಾಯ್ತು. ಅದು ಸಾಲದೆ 2013ರಲ್ಲಿ ಮತ್ತೊಂದು ಕಾನೂನು ಮಾಡಿದರು. ಮ್ಯಾನ್‌ಹೋಲ್ ಸಾವು ಇನ್ನೂ ನಿಂತಿಲ್ಲ.

ಆಮೇಲೆ ಕಸದ ಸರದಿ. ಊರಿನ ಕಸವನ್ನೆಲ್ಲ ಹೊರಗಿನ ಹಳ್ಳಿಗಳಿಗೆ ಸುರಿದರು. ಮಾವಳ್ಳಿಪುರದ ಜನ ನೀರು ಕೆಟ್ಟು, ಕಾಯಿಲೆ ಬಿದ್ದು, ಹೋರಾಡಿ 2012ರಲ್ಲಿ ಆ ಕಸದ ಗುಡ್ಡ ಮುಚ್ಚಿಸಿದರು. ಬೀದಿ ಬೀದಿಯಲ್ಲಿ ಕಸ ಕೊಳೆಯಿತು. ಹಸಿ ಕಸ ಬೇರೆ, ಒಣ ಕಸ ಬೇರೆ ಅನ್ನೋ ಮಾತು ಮನೆ ಮನೆಗೆ ಮುಟ್ಟಿದ್ದು ಆಗಲೇ. ಮನೆಯಲ್ಲೇ ಗೊಬ್ಬರ ಮಾಡೋದು ಮರ್ಯಾದಸ್ಥರ ಹವ್ಯಾಸ ಆಗಿದ್ದರ ಹಿಂದೆ ಮಾವಳ್ಳಿಪುರದವರ ಹೋರಾಟ ಇದೆ. ಗೊಬ್ಬರದ ವರ್ಕ್‌ಶಾಪುಗಳಲ್ಲಿ ಅವರ ಹೆಸರು ಒಮ್ಮೆಯಾದರೂ ಹೇಳಬಾರದಾ?

ಇನ್ನು ಬೆಳೆಯುವ ವಿಷಯ. ಜಾಗ ಇಲ್ಲದ ಕಡೆ ಬೆಳೆಯೋದನ್ನ ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ಬಣ್ಣದ ಡಬ್ಬ, ಒಡೆದ ಪ್ಲಾಸ್ಟಿಕ್ ಬಿಂದಿಗೆ, ಸಿಮೆಂಟ್ ಚೀಲ. ಶೀಟಿನ ಮೇಲೆ ಕುಂಬಳ ಬಳ್ಳಿ ಹಬ್ಬಿಸಿದರೆ ಕಾಯಿಗೆ ಕಾಯಿ, ಒಳಗೆ ತಂಪು. ಕೆರೆ ಅಂಗಳದಲ್ಲಿ, ಖಾಲಿ ಸೈಟಿನಲ್ಲಿ ಅಣ್ಣೆ ಸೊಪ್ಪು, ಹೊನಗೊನ್ನೆ, ಒಂದೆಲಗ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು. ಹಾಗೆ ಕಿತ್ತು ತಿನ್ನೋರನ್ನ ಬಡವರು ಅಂದ್ರು. ಅದೇ ಸೊಪ್ಪು ಈಗ ಆರ್ಗ್ಯಾನಿಕ್ ಅಂಗಡಿಯಲ್ಲಿ ಕಟ್ಟು ಕಟ್ಟಿ ಕೂತಿದೆ.

ಆದರೆ ಗಿಡ ನೆಡಬೇಕಾದ್ರೆ ನಾಳೆಯೂ ಇಲ್ಲೇ ಇರ್ತೀವಿ ಅನ್ನೋ ಧೈರ್ಯ ಬೇಕಲ್ಲ. 2013ರ ಜನವರಿಯಲ್ಲಿ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳ ಮನೆ ಮೇಲೆ ಜೆಸಿಬಿ ಹರಿಸಿದರು. ಹೆಚ್ಚಿನವರು ದಲಿತರು. ನುಗ್ಗೆ ಗಿಡ ಕಾಯಿ ಬಿಡೋಕೆ ವರ್ಷ ಬೇಕು, ಎತ್ತಂಗಡಿಗೆ ಒಂದು ಬೆಳಗು ಸಾಕು. ಅದಕ್ಕೇ ನಮ್ಮ ಕೇರಿಗಳಲ್ಲಿ ಡಬ್ಬದಲ್ಲೇ ಬೆಳೆಯೋದು ಜಾಸ್ತಿ. ಎತ್ತಿಕೊಂಡು ಹೋಗಬಹುದು.

ಕೊಳೆಗೇರಿ ತೆಗೆದು ಕಟ್ಟಿಕೊಟ್ಟ ಮೂರು ನಾಲ್ಕು ಅಂತಸ್ತಿನ ಬ್ಲಾಕುಗಳಿಗೂ ತಾರಸಿ ಇದೆ. ನಾನು ಹೋಗಿ ಬರೋ ಒಂದು ಕಡೆ ಆ ತಾರಸಿಗೆ ಬೀಗ. ಬೀಗದ ಕೈ ಯಾರ ಹತ್ರ ಇದೆ ಅಂತ ಕೇಳಿದ್ರೆ ಒಬ್ಬರು ಇನ್ನೊಬ್ಬರ ಕಡೆ ತೋರಿಸ್ತಾರೆ. ನೀರು ಬರೋದು ವಾರಕ್ಕೆ ಎರಡು ಸಲ, ಅದೂ ಮೂರನೇ ಅಂತಸ್ತಿಗೆ ಹೊತ್ತೇ ಹತ್ತಿಸಬೇಕು. ಅಲ್ಲಿನ ಹೆಂಗಸರು, ಅರ್ಧದಷ್ಟು ಜನ ಪೌರಕಾರ್ಮಿಕರು, ಬೆಳಗಿನ ಜಾವ ಎದ್ದು ನಿಮ್ಮ ಹಸಿ ಕಸ ಒಯ್ಯೋರು, ಅರ್ಜಿ ಬರೆದಿದ್ದಾರೆ. ಕೇಳಿರೋದು ಎರಡೇ: ತಾರಸಿಯ ಬೀಗದ ಕೈ, ಮೇಲಿನ ತನಕ ಒಂದು ನಲ್ಲಿ. ವಾರ್ಡ್ ಸಮಿತಿ ಸಭೆಗೆ ಅರ್ಜಿ ಹಿಡ್ಕೊಂಡು ಹೋಗ್ತಾ ಇದ್ದೀವಿ. ತಾರಸಿ ತೋಟದ ಗೆಳೆಯರು ಯಾರಾದರೂ ಜೊತೆಗೆ ಬರೋದಾದ್ರೆ ಇನ್‌ಬಾಕ್ಸಿಗೆ ಬನ್ನಿ. ಬೀಜ ತರೋದು ಬೇಡ, ನಮ್ಮ ಹತ್ರ ಇದೆ.